ಅರಿಶಿನ ಹಚ್ಚಿದ ಅರ್ಜಿ

ಪರಿಣಾಮಕಾರಿಯಾದ ಕವರಿಂಗ್ ಲೆಟರ್ ಬರೆಯುವುದು ಹೇಗೆ ಎಂಬ ವಿಷಯದಲ್ಲಿ ಮಾತಾಡಲು ನಮ್ಮ ಸೀಮೆಯಲ್ಲಿ ನನಗಿಂತ ಯೋಗ್ಯರು ಯಾರೂ ಇಲ್ಲ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ. ನನ್ನ ಒಂದೇ ಒಂದು ಪತ್ರಕ್ಕೆ ಜಗಳೂರು ಸೀಮೆಯಿಂದ ನಾಲ್ಕು ಜನ ಹಿರಿಯರು ಮೂರು ಬಸ್ಸು ಬದಲಾಯಿಸಿ ನ್ಯಾಮತಿಯ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಈಗಿನ ಹುಡುಗರು ಕೂತಲ್ಲೇ ಬೆರಳೊತ್ತಿ ನೂರು ಕಡೆ ಅರ್ಜಿ ಕಳಿಸುತ್ತಾರಲ್ಲ, ಅವರಲ್ಲಿ ಒಬ್ಬನ ಮನೆಗಾದರೂ ಒಬ್ಬ ಜವಾನನಾದರೂ ಬಂದು ನೀರು ಕುಡಿದು ಹೋದದ್ದುಂಟೇ? ನನ್ನದು ಅಂಥ ಪತ್ರ. ಅದರ ಪರಿಣಾಮ ಸ್ವಲ್ಪ ಬೇರೆ ಕಡೆ ಆಯಿತು ಎಂಬುದು ಬೇರೆ ಮಾತು.

ಇದು ಸಾವಿರದ ಒಂಬೈನೂರ ಎಪ್ಪತ್ತೇಳರ ಸಮಾಚಾರ. ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಯಾವ ಕಾಗದಕ್ಕೆ ಸೀಲು ಬೇಕಾದರೂ ಹೊನ್ನಾಳಿ ಬಸ್ಸು ಹತ್ತಬೇಕಿತ್ತು. ನಮ್ಮಪ್ಪ ಜಯದೇವಪ್ಪನವರದು ಬಸ್ಸು ನಿಲ್ಲುವ ಜಾಗದ ಎದುರಿಗೇ ಕಿರಾಣಿ ಅಂಗಡಿ. ನಾನು, ಅಂದರೆ ಬೆನಕಪ್ಪ, ಮೂರನೇ ದರ್ಜೆಯಲ್ಲಿ ಬಿ.ಎ. ಪಾಸಾಗಿ ಐದು ವರ್ಷದಲ್ಲಿ ನಲವತ್ತೊಂದು ಅರ್ಜಿ ಹಾಕಿದ್ದೆ. ಒಂದಕ್ಕೂ ಉತ್ತರವಿಲ್ಲ. ಪ್ರತಿ ಅರ್ಜಿಗೂ ನಾನು ತಪ್ಪದೆ ಒಂದು ಕಾರ್ಬನ್ ಪ್ರತಿ ತೆಗೆದಿಡುತ್ತಿದ್ದೆ. ಅಪ್ಪ ತಪ್ಪದೆ ಅದರಲ್ಲಿ ಜೀರಿಗೆ ಕಟ್ಟಿ ಕೊಡುತ್ತಿದ್ದರು. ಹೀಗಾಗಿ ನನ್ನ ಅಂಕಗಳು ಊರಿಗೆಲ್ಲ ಬಾಯಿಪಾಠವಾಗಿದ್ದವು.

“ಬೆನಕಪ್ಪಾ, ನಿನ್ನೆ ನಮ್ಮನೆ ಜೀರಿಗೆ ಪೊಟ್ಟಣದಾಗೆ ಬಂದಿದ್ದೆ ನೀನು,” ಎಂದು ಪಕ್ಕದ ಮನೆಯ ಹುಲಿಗೆಮ್ಮ ಕಟ್ಟೆಯ ಮೇಲಿಂದ ಕೂಗಿ ಹೇಳುತ್ತಿದ್ದಳು. “ನನ್ನ ಮಗ ಓದಿ ಹೇಳಿದ. ಇತಿಹಾಸದಾಗೆ ಮೂವತ್ತೇಳೇನಪ್ಪ ಬಂದಿದ್ದು? ಹೋಗ್ಲಿ ಬಿಡು, ಜೀರಿಗೆ ಚೆನ್ನಾಗಿತ್ತು.”

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ, ನನ್ನ ವಯಸ್ಸು. ಇಪ್ಪತ್ತೆಂಟು ತುಂಬಿತೆಂದರೆ ಯಾವ ಗುಮಾಸ್ತಿಕೆಗೂ ಅರ್ಜಿ ಹಾಕುವಂತಿರಲಿಲ್ಲ, ಮತ್ತು ನನಗೆ ಜೂನ್ ತಿಂಗಳಲ್ಲಿ ಇಪ್ಪತ್ತೆಂಟು ತುಂಬುವುದಿತ್ತು. ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಜೂನ್ ಕಳೆದ ಮೇಲೆ ನೀನು ಚನ್ನಗಿರಿಗೆ, ನಿಮ್ಮ ಮಾವನ ಅಡಿಕೆ ಮಂಡಿಗೆ. ನನ್ನ ಸೋದರಮಾವ ಮಲ್ಲೇಶಪ್ಪ ಕೆಟ್ಟವರಲ್ಲ. ಆದರೆ ಮಂಡಿಗೆ ಬಂದ ಪ್ರತಿಯೊಬ್ಬರಿಗೂ ನನ್ನನ್ನು ತೋರಿಸಿ, “ಇವ್ನು ನಮ್ಮ ಅಕ್ಕನ ಮಗ, ಬಿ.ಎ. ಓದ್ಯಾನೆ, ಚೀಲದ ಬಾಯಿ ಹಿಡ್ಕಳಾಕೆ ಬಂದಾನೆ,” ಎಂದು ಪರಿಚಯ ಮಾಡಿಸುವುದು ಅವರ ಅಭ್ಯಾಸ. ಹಬ್ಬಕ್ಕೆ ಹೋದಾಗ ಎರಡು ದಿನ ಅನುಭವಿಸಿದ್ದೆ. ಜೀವಮಾನವಿಡೀ ಅನುಭವಿಸುವ ಶಕ್ತಿ ನನಗಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಜಗಳೂರಿನಾಚೆ, ಸೊಕ್ಕೆಯ ಹತ್ತಿರದ ಒಂದು ಹಳ್ಳಿಯ ಸಹಕಾರ ಸಂಘಕ್ಕೆ ಗುಮಾಸ್ತರು ಬೇಕಾಗಿದ್ದಾರೆ. ಅರ್ಜಿಗಳನ್ನು ಸ್ವಂತ ಕೈಬರಹದಲ್ಲಿ, ಕನ್ನಡದಲ್ಲಿ ಬರೆದು ಅಧ್ಯಕ್ಷರಾದ ಶ್ರೀ ಮಲ್ಲಿಕಾರ್ಜುನಪ್ಪನವರ ಹೆಸರಿಗೆ ಕಳುಹಿಸತಕ್ಕದ್ದು. ಇಷ್ಟೇ ಇದ್ದದ್ದು. ಇಷ್ಟರಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ ಎಂದು ನೀವು ತಿಳಿಯಬಹುದು. ಜಾಗ ಹುಡುಕಿಕೊಡಲು ನನಗೆ ಬಂಗಾರಪ್ಪನವರಿದ್ದರು.

ಬಂಗಾರಪ್ಪನವರು ಹೊನ್ನಾಳಿಯಲ್ಲಿ ಹೆಡ್ ಗುಮಾಸ್ತರಾಗಿದ್ದು ನಿವೃತ್ತರಾದವರು, ಅಪ್ಪನ ಸ್ನೇಹಿತರು. ನಾನು ಬಸ್ಸಿಳಿದು ಅವರ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ನಶ್ಯ ಏರಿಸುತ್ತಿದ್ದರು. ನನ್ನ ಹಳೆಯ ಅರ್ಜಿಯೊಂದನ್ನು ನೋಡಿ, ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು.

“ಇದ್ರಾಗೆ ಕವರಿಂಗ್ ಲೆಟರ್ ಎಲ್ಲೈತೋ?”

“ಅರ್ಜಿನೇ ಐತಲ್ರಿ.”

“ಅರ್ಜಿ ಅಂದ್ರೆ ಮೈ. ಕವರಿಂಗ್ ಲೆಟರ್ ಅಂದ್ರೆ ಮುಖ. ಮುಖ ಇಲ್ದೆ ಬರೀ ಮೈನ ಕಳ್ಸಿದ್ರೆ ಯಾರು ಮಾತಾಡಿಸ್ತಾರೆ?”

ನಲವತ್ತೊಂದು ಸಲ ನಾನು ಮುಖವಿಲ್ಲದೆ ತಿರುಗಿದ್ದೆ ಎಂದು ತಿಳಿದು ನನಗೆ ಮೈ ಬೆವರಿತು. ಬಂಗಾರಪ್ಪನವರು ಎರಡು ದಿನ ಕೂತು ಪತ್ರ ಬರೆದರು, ಇಂಗ್ಲಿಷಿನಲ್ಲಿ. ಜಾಹೀರಾತಿನಲ್ಲಿ ಕನ್ನಡ ಎಂದಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, “ಅದು ಇಂಗ್ಲಿಷ್ ಬರದವ್ರಿಗೆ ಹೇಳಿದ್ದು,” ಎಂದರು. ಪತ್ರದಲ್ಲಿ ಎಲ್ಲಿಯೂ ಗುಮಾಸ್ತ ಎಂಬ ಮಾತೇ ಇಲ್ಲವಲ್ಲ ಎಂದದ್ದಕ್ಕೆ ಅವರಿಗೆ ಸಿಟ್ಟೇ ಬಂತು.

“ಇಂಥ ಕೆಲಸ ಕೊಡ್ರಿ ಅಂತ ಬಾಯಿಬಿಟ್ಟು ಕೇಳೋದು ಭಿಕ್ಷುಕರ ಲಕ್ಷಣ. ಯಾವ ಹುದ್ದೆ ಅಂತ ಅವ್ರಿಗೆ ಗೊತ್ತಿರಲ್ವೇನೋ? ಸೂಚ್ಯವಾಗಿರ್ಬೇಕು.”

ಆ ಪತ್ರ ಎಷ್ಟು ಸೂಚ್ಯವಾಗಿತ್ತೆಂದರೆ, ಅದರ ಸಾರಾಂಶವನ್ನು ನಾನು ಇವತ್ತಿಗೂ ನಿದ್ದೆಯಲ್ಲಿ ಹೇಳಬಲ್ಲೆ. ‘ತಮ್ಮ ಆಶ್ರಯವನ್ನು ಬಯಸಿ ಬಂದಿರುವ ನಾನು ವಿಧೇಯನೂ ಪ್ರಾಮಾಣಿಕನೂ ಯಾವ ದುಶ್ಚಟವೂ ಇಲ್ಲದವನೂ ಆಗಿದ್ದೇನೆ. ಎದುರುತ್ತರ ಕೊಡುವ ಅಭ್ಯಾಸ ನನಗಿಲ್ಲ. ವಹಿಸಿದ ಯಾವುದೇ ಕರ್ತವ್ಯವನ್ನು ಮೇಲಿನವರಿಗೆ ಸಂಪೂರ್ಣ ತೃಪ್ತಿಯಾಗುವಂತೆ ನೆರವೇರಿಸುವೆನು. ಇರು ಎಂದಲ್ಲಿ ಇರುವೆನು. ಒಂದು ಅವಕಾಶ ಕೊಟ್ಟಲ್ಲಿ ಜೀವನಪರ್ಯಂತ ಋಣಿಯಾಗಿರುವೆನು. ತಮ್ಮ ಅತ್ಯಂತ ವಿಧೇಯ ಸೇವಕ.’ ಇದನ್ನು ಟೈಪ್ ಮಾಡಿಸಿ, ಹಿಂದೆ ತಂದೆಯ ಹೆಸರು, ಜಾತಿ, ವಿಳಾಸ ಬರೆದ ಒಂದು ಹಾಳೆಯನ್ನೂ ಮಾರ್ಕ್ಸ್ ಕಾರ್ಡಿನ ಪ್ರತಿಯನ್ನೂ ಲಗತ್ತಿಸಿದೆವು. ಫೋಟೋ ಲಗತ್ತಿಸಬೇಕೆಂದು ಸ್ಟುಡಿಯೋಕ್ಕೆ ಹೋದರೆ, ಅವನ ಹತ್ತಿರ ಸಣ್ಣ ಸೈಜಿನ ಕಾಗದ ಮುಗಿದಿತ್ತು. ಹೂಕುಂಡದ ಸ್ಟ್ಯಾಂಡಿನ ಮೇಲೆ ಕೈಯಿಡಿಸಿ, ಸ್ಟುಡಿಯೋದ ಕೋಟು ತೊಡಿಸಿ, ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಫೋಟೋ ತೆಗೆದು ಕೊಟ್ಟ. ನಾನು ಇಂದಿಗೂ ಅಷ್ಟು ಚೆನ್ನಾಗಿ ಕಂಡದ್ದಿಲ್ಲ.

ಇಷ್ಟೆಲ್ಲ ಸಿದ್ಧವಾಗಿ ಲಕೋಟೆಗೆ ಅಂಟು ಹಚ್ಚುವಾಗ ನಮ್ಮವ್ವ ಕಸ್ತೂರಮ್ಮ ಅಡುಗೆಮನೆಯಿಂದ ಬಂದಳು. ಅವಳಿಗೆ ನನ್ನ ನಲವತ್ತೊಂದನೇ ಅರ್ಜಿಯ ಬಗ್ಗೆ ಒಂದು ದೂರಿತ್ತು. ಆ ಅರ್ಜಿಯ ಮೂಲೆಯಲ್ಲಿ ಮಸಿ ಚೆಲ್ಲಿತ್ತೆಂದು ನಾನು ಅಷ್ಟು ಭಾಗ ಹರಿದು ಕಳಿಸಿದ್ದೆ. ನಮ್ಮ ಕಡೆ ಮೂಲೆ ಹರಿದ ಕಾಗದ ಬಂತೆಂದರೆ ಸಾವಿನ ಸುದ್ದಿ. ಅದನ್ನು ಒಳಗೆ ತರುವುದಿಲ್ಲ. ಹೊರಗೇ ನಿಂತು ಓದಿ, ಹರಿದುಹಾಕಿ, ಸ್ನಾನ ಮಾಡುತ್ತಾರೆ.

“ಪಾಪ, ಆ ಸಾಹೇಬ್ರು ನಿನ್ನ ಕಾಗದ ನೋಡಿ ತಣ್ಣೀರು ಹುಯ್ಕಂಡಿರ್ಬೇಕು. ಇನ್ನೆಲ್ಲಿ ಕೆಲಸ ಕೊಡ್ತಾರೆ?” ಎಂದಳು ಅವ್ವ. “ಶುಭದ ಕಾಗದ ಬೋಳಾಗಿ ಹೋಗ್ಬಾರ್ದು.” ಎಂದವಳೇ ಅರಿಶಿನದ ಬಟ್ಟಲಲ್ಲಿ ಬೆರಳದ್ದಿ, ಪತ್ರದ ನಾಲ್ಕೂ ಮೂಲೆಗೆ, ಲಕೋಟೆಯ ನಾಲ್ಕೂ ಮೂಲೆಗೆ ಒತ್ತಿದಳು. ಮಧ್ಯದಲ್ಲಿ ಒಂದು ಚೂರು ಕುಂಕುಮವನ್ನೂ ಇಟ್ಟಳು. ಮದುವೆ ಕಾಗದಗಳಿಗೆ ಹೀಗೆ ಹಚ್ಚುವುದು ನನಗೆ ಗೊತ್ತಿತ್ತು. ನೌಕರಿಯೂ ಶುಭವೇ ಅಲ್ಲವೇ ಎಂದು ನಾನು ಸುಮ್ಮನಾದೆ.

ಹತ್ತನೆಯ ದಿನ ಉತ್ತರ ಬಂತು. ಐದು ವರ್ಷದಲ್ಲಿ ಮೊದಲನೆಯ ಉತ್ತರ. ಪೋಸ್ಟ್‌ಮನ್ ಸಣ್ಣತಿಮ್ಮಪ್ಪ ಬಸ್ಸಿನ ಎದುರಿಗೇ ಸೈಕಲ್ ನಿಲ್ಲಿಸಿ, ಇಳಿಯುವವರಿಗೂ ಹತ್ತುವವರಿಗೂ ಕೇಳುವಂತೆ, “ಜಯದೇವಪ್ಪಾರೆ, ನಿಮ್ಮ ಹುಡುಗನ್ನ ನೋಡಾಕೆ ಬರ್ತಾರಂತೆ,” ಎಂದು ಹೇಳಿಯೇ ಕಾರ್ಡು ಕೊಟ್ಟ. ಆಗ ಕಾರ್ಡುಗಳನ್ನು ಮೊದಲು ಓದುವ ಹಕ್ಕು ಪೋಸ್ಟ್‌ಮನ್‌ಗೇ ಇತ್ತು.

ಕಾರ್ಡು ಅಪ್ಪನ ಹೆಸರಿಗಿತ್ತು. ‘ನಿಮ್ಮ ಕಡೆಯ ಪತ್ರ, ಫೋಟೋ ತಲುಪಿ ಸಂತೋಷವಾಯಿತು. ಬರುವ ಸೋಮವಾರ ನಾವು ನಾಲ್ಕು ಜನ ಬಂದು ಮನೆ, ಮನೆತನ ನೋಡಿಕೊಂಡು ಹೋಗುತ್ತೇವೆ. ಹುಡುಗ ಊರಲ್ಲಿರಲಿ. ಇತಿ, ಮಲ್ಲಿಕಾರ್ಜುನಪ್ಪ.’ ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿತ್ತು.

“ನೋಡ್ರಿ, ಅವ್ರೂ ಹಚ್ಚ್ಯಾರೆ. ಮರ್ಯಾದಸ್ಥ ಆಫೀಸು,” ಎಂದಳು ಅವ್ವ.

ಅಪ್ಪನಿಗೆ ಮಾತ್ರ ಅನುಮಾನ. ಕೆಲಸ ಕೊಡುವವರು ಮನೆ ಏಕೆ ನೋಡಬೇಕು? ನಾನು ಮಧ್ಯಾಹ್ನದ ಬಸ್ಸಿಗೆ ಹೋಗಿ ಬಂಗಾರಪ್ಪನವರನ್ನು ಕರೆತಂದೆ. ಅವರು ಕಾರ್ಡನ್ನು ಹಿಂದೆ ಮುಂದೆ ನೋಡಿ ನಕ್ಕರು. “ಜಯದೇವಪ್ಪ, ಇದು ವೆರಿಫಿಕೇಷನ್ನು. ತಿಜೋರಿ ಬೀಗದ ಕೈ ಕೊಡೋ ಕೆಲಸ. ಮನೆತನ ನೋಡ್ದೆ ಕೊಡಾಕೆ ಅವ್ರೇನು ದಡ್ಡರಾ? ಮೂವತ್ತು ವರ್ಷ ಸರ್ವಿಸ್‌ನಾಗೆ ಕವರಿಂಗ್ ಲೆಟರ್‌ಗೆ ಕಮಿಟಿನೇ ಎದ್ದು ಬಂದಿದ್ದು ನಾನು ನೋಡಿಲ್ಲ. ಅದು ಡ್ರಾಫ್ಟಿನ ಶಕ್ತಿ.”

ಸೋಮವಾರ ಬಂಗಾರಪ್ಪನವರು ಬೆಳಿಗ್ಗೆಯೇ ಬಂದು ಕೂತರು. ಆಮೇಲೆ ಆ ನಾಲ್ವರು ಬಂದರು. ಮಲ್ಲಿಕಾರ್ಜುನಪ್ಪನವರು ದಪ್ಪ ಮೀಸೆಯ, ಮೆಲುದನಿಯ ಮನುಷ್ಯ. ಜೊತೆಗೆ ಹೆಗಲ ಮೇಲೆ ಶಲ್ಯ ಹೊದ್ದ ಇಬ್ಬರು ಹಿರಿಯರು, ಮತ್ತು ಅವರ ಅಕ್ಕ ಸಿದ್ದಲಿಂಗಮ್ಮ. ಹೆಂಗಸೊಬ್ಬರನ್ನು ಕಂಡು ಅಪ್ಪ ಕಣ್ಣು ಪಿಳಿಪಿಳಿ ಬಿಟ್ಟಾಗ ಬಂಗಾರಪ್ಪನವರು ಅವರ ಕಿವಿಯಲ್ಲಿ, “ಮಹಿಳಾ ಡೈರೆಕ್ಟರು,” ಎಂದರು.

ಮಹಿಳಾ ಡೈರೆಕ್ಟರು ಸೀದಾ ಅಡುಗೆಮನೆಗೆ ಹೋದರು. ಹಂಡೆಯ ನೀರು ಮುಟ್ಟಿ ನೋಡಿದರು, ರೊಟ್ಟಿ ಹಂಚು ನೋಡಿದರು, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ನೋಡಿ, “ಎತ್ತರ ಕಮ್ಮಿ ಆತು, ನಡು ನೋವು ಬರತೈತೆ,” ಎಂದು ಅಭಿಪ್ರಾಯ ಕೊಟ್ಟರು. ಸಹಕಾರ ಸಂಘದ ಗುಮಾಸ್ತನ ಮನೆಯ ಒಗೆಯುವ ಕಲ್ಲು ಎಷ್ಟು ಎತ್ತರವಿರಬೇಕೆಂದು ನಿಯಮವಿದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆಮೇಲೆ ನನ್ನನ್ನು ಕರೆದು, “ನಾಕು ಹೆಜ್ಜೆ ನಡಿಯಪ್ಪ,” ಎಂದರು. ನಡೆದೆ. “ಈ ಕಡೆ ಬಾ,” ಎಂದರು. ಬಂದೆ. ದೈಹಿಕ ಅರ್ಹತೆಯ ಪರೀಕ್ಷೆ ಎಂದು ತಿಳಿದು ಇನ್ನೊಂದು ಸುತ್ತು ನಾನಾಗಿಯೇ ನಡೆದು ತೋರಿಸಿದೆ.

“ನಿಮ್ಮ ಬೆಡಗು ಯಾವುದ್ರಿ?” ಎಂದು ಶಲ್ಯದ ಹಿರಿಯರೊಬ್ಬರು ಅಪ್ಪನನ್ನು ಕೇಳಿದರು. ಅಪ್ಪ ಹೇಳಿದರು. ಹಿರಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, “ಬೇರೆ ಆತು, ಅಡ್ಡಿಲ್ಲ,” ಎಂದು ತಲೆಯಾಡಿಸಿದರು. ಬೆಡಗು ಎಂದರೆ ಕುಲದೊಳಗಿನ ಕವಲು; ಒಂದೇ ಬೆಡಗಿನವರು ಹೆಣ್ಣು ಕೊಟ್ಟು ತರುವುದಿಲ್ಲವಾದ್ದರಿಂದ ಅದು ಸಂಬಂಧ ಬೆಳೆಸುವಾಗ ಕೇಳುವ ಪ್ರಶ್ನೆ. ಅಪ್ಪನ ಹುಬ್ಬು ಗಂಟಾಯಿತು. ಬಂಗಾರಪ್ಪನವರು, “ಫಾರಂನಾಗೆ ಕಾಲಂ ಇರತೈತೆ,” ಎಂದು ಪಿಸುಗುಟ್ಟಿ ಆ ಗಂಟನ್ನು ಬಿಚ್ಚಿದರು.

ಮಲ್ಲಿಕಾರ್ಜುನಪ್ಪನವರು ಗಂಟಲು ಸರಿಮಾಡಿಕೊಂಡರು. “ಪತ್ರ ನೋಡಿದ ಕೂಡ್ಲೆ ನಮ್ಗೆ ಮನಸಿಗೆ ಬಂತು. ಮಾರ್ಕ್ಸ್ ಕಾರ್ಡ್ ಸೈತ ಕಳ್ಸಿದೀರಿ. ಇತಿಹಾಸದಾಗೆ ಮೂವತ್ತೇಳು ಬಂದಿದ್ದನ್ನೂ ಮುಚ್ಚಿಟ್ಟಿಲ್ಲ. ಇಂಥ ಮಂದಿ ಈಗ ಎಲ್ಲಿ ಸಿಗ್ತಾರೆ? ಇರ್ಲಿ, ನಮ್ಮಿಂದ ನಿಮ್ಮ ಅಪೇಕ್ಷೆ ಏನೈತೆ, ಬಿಚ್ಚಿ ಹೇಳಿಬಿಡ್ರಿ.”

ಸಂಬಳದ ಮಾತು ಬಂತೆಂದು ತಿಳಿದ ಅಪ್ಪ ನನ್ನ ಕಾಲು ತುಳಿದರು. ನಾನು ಕೈಕಟ್ಟಿ ನಿಂತು, “ನೀವು ಮನಸಿಗೆ ಬಂದು ಏನು ಕೊಟ್ರೂ ಸೈ. ಏನೂ ಕೇಳಂಗಿಲ್ಲ,” ಎಂದೆ. ಹಿರಿಯರಿಬ್ಬರೂ ಒಮ್ಮೆಗೇ ಶಲ್ಯ ಸರಿಪಡಿಸಿಕೊಂಡರು. ಸಿದ್ದಲಿಂಗಮ್ಮ ಬಾಯಿಯ ಎಲೆಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು. ಇಷ್ಟು ಪರಿಣಾಮ ಕಂಡು ಉಬ್ಬಿಹೋದ ನಾನು, ಕೇಳದಿದ್ದರೂ, “ನಿಮ್ಮೂರಾಗೇ ಬಂದು ಇದ್ದುಬಿಡ್ತೀನ್ರಿ. ಅಪ್ಪ ಅವ್ವನ್ನ ಹಬ್ಬಕ್ಕೆ ಬಂದು ನೋಡ್ಕಂಡು ಹೋದ್ರಾತು,” ಎಂದು ಸೇರಿಸಿದೆ.

ಮಲ್ಲಿಕಾರ್ಜುನಪ್ಪನವರ ಕಣ್ಣಲ್ಲಿ ನೀರು ತುಂಬಿತು. ಶಲ್ಯದ ತುದಿಯಿಂದ ಒರೆಸಿಕೊಂಡು, “ನನಗಿರಾದು ಒಂದೇ ಕೂಸು,” ಎಂದಷ್ಟೇ ಹೇಳಿದರು. ಅಧ್ಯಕ್ಷರು ಸಂಘವನ್ನು ಹೆತ್ತ ಮಗುವಿನಂತೆ ನೋಡಿಕೊಂಡಿದ್ದಾರೆ ಎಂದು ನಮಗೆಲ್ಲ ಗೌರವ ಹುಟ್ಟಿತು. ಹೊರಡುವಾಗ, “ಗುರುವಾರ ನೀವು ನಮ್ಮ ಕಡೆ ಬರ್ರಿ. ಹೆಂಗಸರನ್ನೂ ಕರ್ಕಂಡು ಬರ್ರಿ. ಒಂದು ಸಲ ನೋಡ್ಕಂಡು ಬಿಟ್ರೆ ಮುಗೀತು,” ಎಂದರು.

“ಇಂಟರ್‌ವ್ಯೂ,” ಎಂದರು ಬಂಗಾರಪ್ಪನವರು ಬಸ್ಸು ಹೋದ ಮೇಲೆ.

“ಇಂಟರ್‌ವ್ಯೂಗೆ ನಾನ್ಯಾಕ್ರಿ?” ಎಂದಳು ಅವ್ವ.

“ಸಹಕಾರ ತತ್ವ ತಾಯಿ. ಎಲ್ಲಾರೂ ಕೂಡಿ ಮಾಡಾದು.”

ಹುಲಿಗೆಮ್ಮ ಕಟ್ಟೆಯ ಮೇಲಿಂದ ಇಷ್ಟನ್ನೂ ಕೇಳಿ, “ಯಾಕೋ ನನಗೆ ಬೇರೆ ವಾಸನೆ ಬರ್ತೈತೆ. ನಾನೂ ಬರ್ತೀನಿ,” ಎಂದಳು. ಅವಳ ಮೂಗನ್ನು ನಾವು ಆಗಲೇ ನಂಬಬೇಕಿತ್ತು. ನಂಬಲಿಲ್ಲ, ಆದರೆ ಕರೆದುಕೊಂಡು ಹೋದೆವು.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೊನ್ನಾಳಿ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಇನ್ನೊಂದು ಬಸ್ಸು. ನನ್ನ ಕೊರಳಲ್ಲಿ ಬಂಗಾರಪ್ಪನವರ ಟೈ, ತೊಡೆಯ ಮೇಲೆ ಸರ್ಟಿಫಿಕೇಟುಗಳ ಫೈಲು. ದಾರಿಯುದ್ದಕ್ಕೂ ಬಂಗಾರಪ್ಪನವರು ನನಗೆ ಪಾಠ ಹೇಳಿದರು: ಅವರು ಪ್ರಶ್ನೆ ಕೇಳಿದ ಮೇಲೆ ನೀನೂ ಒಂದೆರಡು ಕೇಳು, ಆಸಕ್ತಿ ಇದೆ ಅಂತ ಗೊತ್ತಾಗುತ್ತದೆ. ಹಳ್ಳಿಯಲ್ಲಿ ಇಳಿದು ನೋಡಿದರೆ ಸಂಘದ ಬೋರ್ಡು ಮಲ್ಲಿಕಾರ್ಜುನಪ್ಪನವರ ಮನೆಯ ಮುಂದಿನ ಕೋಣೆಗೇ ಹಾಕಿತ್ತು. ಸಂಘದ ಟಪಾಲೂ ಮನೆಯ ಟಪಾಲೂ ಒಂದೇ ಗೂಡಿಗೆ ಬಂದು ಬೀಳುತ್ತಿದ್ದವು. ನಮ್ಮನ್ನು ಸಂಘದ ಬಾಗಿಲಿನಿಂದ ಕರೆಯದೆ ಮನೆಯ ಬಾಗಿಲಿನಿಂದ ಕರೆದರು.

ಜಮಖಾನ ಹಾಸಿತ್ತು. ಓಣಿಯವರೆಲ್ಲ ಸೇರಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಂತು. ಅದು ಆದ ಮೇಲೆ ಹಸಿರು ಸೀರೆಯ ಹುಡುಗಿಯೊಬ್ಬಳು ಕಾಫಿ ಲೋಟಗಳ ತಟ್ಟೆ ಹಿಡಿದು ಬಂದು ನನ್ನ ಮುಂದೆ ನಿಂತಳು. ಸಂಘದ ಸಿಬ್ಬಂದಿ ಎಂದು ತಿಳಿದ ನಾನು ಎದ್ದು ನಮಸ್ಕಾರ ಮಾಡಿ, ಒಂದು ಲೋಟ ತೆಗೆದುಕೊಂಡು, ಖಾಲಿಯಾದ ಜಾಗದಲ್ಲಿ ಫೈಲು ಇಟ್ಟೆ. ಹುಡುಗಿ ಫೈಲನ್ನೂ ನನ್ನ ಟೈಯನ್ನೂ ನೋಡಿ ತುಟಿ ಕಚ್ಚಿಕೊಂಡು ಒಳಬಾಗಿಲ ಹತ್ತಿರ ಹೋಗಿ ನಿಂತಳು.

“ನಾಚಿಕೆ ಪಡಬ್ಯಾಡಪ್ಪ. ಹುಡುಗೀನ ಏನಾರ ಕೇಳಾದಿದ್ರೆ ಕೇಳು,” ಎಂದರು ಸಿದ್ದಲಿಂಗಮ್ಮ.

ಬಂಗಾರಪ್ಪನವರು ನನ್ನತ್ತ ನೋಡಿ ಕೈಸನ್ನೆ ಮಾಡಿದರು. ನಾನು ಗಂಭೀರವಾಗಿ ಕೇಳಿದೆ. “ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ?”

“ಹುಟ್ಟಿದಾಗಿಂದ,” ಎಂದಳು ಹುಡುಗಿ.

ಆಸಕ್ತಿ ತೋರಿಸಲು ಇನ್ನೊಂದು ಪ್ರಶ್ನೆ ಬೇಕಿತ್ತು. “ನನಗಿಂತ ಮುಂಚೆ ಇದ್ದೋರು ಯಾಕೆ ಬಿಟ್ಟು ಹೋದ್ರು?”

ಮಂಡಕ್ಕಿ ಅಗಿಯುತ್ತಿದ್ದ ಓಣಿಯೆಲ್ಲ ಒಮ್ಮೆಗೇ ಅಗಿಯುವುದನ್ನು ನಿಲ್ಲಿಸಿತು. ಶಲ್ಯದ ಹಿರಿಯರೊಬ್ಬರು ಎದ್ದು ನಿಂತರು. ಮಲ್ಲಿಕಾರ್ಜುನಪ್ಪನವರ ಮೀಸೆ ನಡುಗಿತು.

“ಮುಂಚೆ ಇದ್ದೋರು ಅಂದ್ರೆ? ನಮ್ಮ ಹುಡುಗಿಗೆ ಮುಂಚೆ ಯಾರಿದ್ರು? ಏನು ಕೇಳಿ ಬಂದೀರಿ ನೀವು, ಯಾರು ಹೇಳಿದ್ದು?”

“ಗುಮಾಸ್ತರು ಇದ್ರಲ್ಲ, ಅವ್ರ ವಿಷ್ಯ ಕೇಳಿದೆ,” ಎಂದೆ ನಾನು.

“ಯಾವ ಗುಮಾಸ್ತ?”

“ಸಂಘದ ಗುಮಾಸ್ತರು. ಆ ಜಾಗಕ್ಕೇ ಅಲ್ವ ನಾನು ಅರ್ಜಿ ಹಾಕಿರಾದು?”

ಆಮೇಲೆ ಯಾರು ಏನು ಅಂದರೆಂದು ಕ್ರಮವಾಗಿ ಹೇಳಲು ಸಾಧ್ಯವಿಲ್ಲ, ಏಕೆಂದರೆ ಎಲ್ಲರೂ ಒಟ್ಟಿಗೇ ಅಂದರು. ಹುಲಿಗೆಮ್ಮ ಮಾತ್ರ, “ನಾನು ಅವತ್ತೇ ಅಂದೆ,” ಎಂದು ಮಂಡಕ್ಕಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಲ್ಲಿಕಾರ್ಜುನಪ್ಪನವರು ಒಳಗಿಂದ ನನ್ನ ಪತ್ರ ತಂದು ಎಲ್ಲರ ಮುಂದೆ ಹಿಡಿದರು.

“ಮಗಳಿಗೆ ಗಂಡು ನೋಡ್ರಿ ಅಂತ ಹೊನ್ನಾಳಿ ಕಡೆಯೋರಿಗೆ ಹೇಳಿದ್ದೆ. ಅವ್ರ ಕಡೆಯಿಂದ ಬಂದೈತೆ ಅಂದ್ಕಂಡೆ. ಅರಿಶಿಣ ಐತೆ, ಕುಂಕುಮ ಐತೆ, ಇಷ್ಟುದ್ದ ಫೋಟೋ ಐತೆ, ತಂದೆ ಹೆಸರು ಜಾತಿ ಎಲ್ಲಾ ಐತೆ. ಕೆಲಸದ ಅರ್ಜಿಗೆ ಯಾರಾರ ಅರಿಶಿಣ ಹಚ್ತಾರೇನ್ರಿ?”

“ನಾನೇ ಹಚ್ಚಿದ್ದು,” ಎಂದು ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಅಪ್ಪ ಬಂಗಾರಪ್ಪನವರ ಕಡೆ ನೋಡಿದರು. ಬಂಗಾರಪ್ಪನವರು ಸೂಚ್ಯವಾಗಿ ಮಾಳಿಗೆಯ ತೊಲೆಗಳನ್ನು ಎಣಿಸುತ್ತಿದ್ದರು.

“ನಂಗೆ ಇಂಗ್ಲಿಷು ಬರಲ್ಲ. ನಿರ್ಮಲಾ, ನೀನೇ ಅಲ್ಲೇನವ್ವ ಓದಿ ಹೇಳಿದ್ದು? ಪಿ.ಯು.ಸಿ. ಓದೀಯ. ಏನಿತ್ತು ಇದ್ರಾಗೆ?” ಎಂದು ಮಲ್ಲಿಕಾರ್ಜುನಪ್ಪನವರು ಒಳಬಾಗಿಲ ಕಡೆ ತಿರುಗಿದರು.

ಒಳಬಾಗಿಲ ಹತ್ತಿರದ ಹುಡುಗಿ ನೆಲ ನೋಡುತ್ತಲೇ ಹೇಳಿದಳು. “ಹುಡುಗ ವಿಧೇಯ, ಚಟ ಇಲ್ಲ, ಎದುರುತ್ತರ ಕೊಡಲ್ಲ ಅಂತ ಬರೆದಿತ್ತಪ್ಪ. ಅಷ್ಟೇ ಹೇಳಿದೆ. ಕೆಲಸ ಅಂತ ಎಲ್ಲೂ ಬರೆದಿಲ್ಲ, ಬೇಕಾದ್ರೆ ಯಾರಿಗಾರ ತೋರ್ಸಿ.”

ತೋರಿಸುವ ಅಗತ್ಯವಿರಲಿಲ್ಲ. ಬರೆದವರು ಅಲ್ಲಿಯೇ ಕೂತಿದ್ದರು, ನಾಲ್ಕನೇ ಸಲ ತೊಲೆ ಎಣಿಸುತ್ತ.

ಮಲ್ಲಿಕಾರ್ಜುನಪ್ಪನವರು ಪತ್ರವನ್ನು ಮೆಲ್ಲಗೆ ಮಡಿಚಿಟ್ಟರು. ಆ ಮನುಷ್ಯ ನಮ್ಮನ್ನು ಬೈದು ಅಟ್ಟಿದ್ದರೂ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ನನ್ನ ಹತ್ತಿರ ಬಂದು ಕೂತರು.

“ತಪ್ಪು ಯಾರದೂ ಅಲ್ಲಪ್ಪ. ನೀನು ಕೆಲಸ ಕೇಳಾಕೆ ಬಂದೆ, ನಾನು ಕೂಸಿನ ಆಸೆಗೆ ಏನೋ ತಿಳ್ಕಂಡೆ. ಹನ್ನೊಂದು ಅರ್ಜಿ ಬಂದಾವೆ, ನಿನ್ನಷ್ಟು ಓದಿದೋನು ಒಬ್ನೂ ಇಲ್ಲ. ಕೆಲಸ ಬೇಕು ಅಂದ್ರೆ ಸೋಮವಾರ ಆರ್ಡರ್ ಕೊಡಿಸ್ತೀನಿ, ಈ ಮಾತನ್ನ ಇಲ್ಲಿಗೇ ಮರೆಯಾನ. ಆದ್ರೆ ಒಂದು. ಅಧ್ಯಕ್ಷನ ಅಳಿಯನಿಗೆ ಸಂಘದಾಗೆ ಕೆಲಸ ಕೊಡಾಕೆ ಬರಲ್ಲ. ನಿಯಮ ಐತೆ, ನಾನೇ ಮಾಡಿಸಿದ್ದು. ಎರಡರಾಗೆ ಒಂದು.”

ಅಪ್ಪ ನನ್ನ ಕಾಲು ತುಳಿದರು, ಕೆಲಸ ಎನ್ನು ಎಂದು. ಅವ್ವ ಬೆನ್ನು ಚುಚ್ಚಿದಳು, ಅದರ ಅರ್ಥ ಬೇರೆ. ನನ್ನ ಕಣ್ಣ ಮುಂದೆ ಜೂನ್ ತಿಂಗಳೂ ಚನ್ನಗಿರಿಯ ಚೀಲಗಳೂ ಬಂದು ನಿಂತವು. ಐದು ವರ್ಷ, ನಲವತ್ತೆರಡು ಅರ್ಜಿ, ಊರಿಗೆಲ್ಲ ಹಂಚಿದ ಜೀರಿಗೆ. ‘ಕೆಲಸ’ ಎಂಬ ಮೂರಕ್ಷರ ನನ್ನ ನಾಲಿಗೆಯ ತುದಿಗೆ ಬಂದಿತ್ತು, ದೇವರಾಣೆಗೂ ಬಂದಿತ್ತು.

ಆಗ ಒಳಬಾಗಿಲ ಕಡೆ ನೋಡಿದೆ. ಈ ಗಲಾಟೆಯಲ್ಲಿ ನನ್ನ ಫೈಲು ತಟ್ಟೆಯಿಂದ ಜಾರಿ ಕಾಗದಗಳೆಲ್ಲ ನೆಲದ ಮೇಲೆ ಹರಡಿದ್ದವು. ಆ ಹುಡುಗಿ ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ಎತ್ತಿ, ಕಾಫಿ ತಾಗಿದ್ದನ್ನು ಸೆರಗಿನಿಂದ ಒರೆಸಿ, ವರ್ಷದ ಪ್ರಕಾರ ಜೋಡಿಸುತ್ತಿದ್ದಳು. ಇತಿಹಾಸದ ಮೂವತ್ತೇಳು ಇದ್ದ ಕಾಗದವನ್ನು ಎಲ್ಲಕ್ಕಿಂತ ಕೆಳಗಿಟ್ಟಳು. ಐದು ವರ್ಷದಿಂದ ನನ್ನ ಆ ಕಾಗದಗಳನ್ನು ಎಲ್ಲರೂ ನೋಡಿದ್ದರು, ನಕ್ಕಿದ್ದರು, ಪೊಟ್ಟಣ ಕಟ್ಟಿದ್ದರು. ಮುಚ್ಚಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

“ಕೆಲಸಕ್ಕೆ ಇನ್ನೊಂದು ಅರ್ಜಿ ಹಾಕ್ಬೋದು,” ಎಂದೆ.

ಅಪ್ಪ ತುಳಿದಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಅವ್ವ ಚುಚ್ಚುವುದನ್ನು ನಿಲ್ಲಿಸಿದಳು. ಮಲ್ಲಿಕಾರ್ಜುನಪ್ಪನವರು ಮತ್ತೆ ಶಲ್ಯದ ತುದಿ ಹುಡುಕಿದರು. ಬಂಗಾರಪ್ಪನವರು ತೊಲೆಯಿಂದ ದೃಷ್ಟಿ ಇಳಿಸಿ, ಉತ್ಸಾಹದಿಂದ, “ಅದಕ್ಕೇನಂತೆ, ನಾನೇ ಡ್ರಾಫ್ಟ್ ಮಾಡಿ ಕೊಡ್ತೀನಿ,” ಎಂದರು.

“ಬ್ಯಾಡ್ರಿ,” ಎಂದಳು ನಿರ್ಮಲ. ನನ್ನ ಬಾಳಿನಲ್ಲಿ ಅವಳು ಹಾಕಿದ ಮೊದಲ ಆಜ್ಞೆ ಅದು.

ಮೇ ತಿಂಗಳಲ್ಲಿ ಮದುವೆಯಾಯಿತು. ಸಂಘದ ಗುಮಾಸ್ತಿಕೆ ಆ ಊರಿನವನೇ ಆದ ಎಸ್ಸೆಸ್ಸೆಲ್ಸಿ ಓದಿದ ಒಬ್ಬನಿಗೆ ಹೋಯಿತು. ನಮ್ಮ ಮದುವೆ ಊಟಕ್ಕೆ ಬಂದು ಅವನು ನನ್ನ ಕೈಕುಲುಕಿ ಕೃತಜ್ಞತೆ ಹೇಳಿದ. ಹೆಂಡತಿ ಬಂದ ಮೇಲೆ ಅಪ್ಪ ಜೂನ್ ಕಳೆಯುವವರೆಗೂ ಕಾಯಲಿಲ್ಲ; ನಾನು ಚನ್ನಗಿರಿಯ ಮಂಡಿಗೆ ಹೋಗಿ ಚೀಲದ ಬಾಯಿ ಹಿಡಿದೆ. ಸೋದರಮಾವ ಈಗ ಪರಿಚಯವನ್ನು ಸ್ವಲ್ಪ ಉದ್ದ ಮಾಡಿದ್ದರು: “ಬಿ.ಎ. ಓದ್ಯಾನೆ, ಕೆಲಸ ಕೇಳಾಕೆ ಹೋಗಿ ಹೆಣ್ಣು ತಂದಾನೆ.” ವಾರಕ್ಕೊಮ್ಮೆ ನ್ಯಾಮತಿಗೆ ಬರುತ್ತಿದ್ದೆ. ಹಾಗೆ ಬಂದ ಒಂದು ಭಾನುವಾರ, ಅಷ್ಟು ಓದಿದವಳಿಗೆ ಅದು ಕೆಲಸದ ಅರ್ಜಿ ಎಂದು ತಿಳಿಯಲಿಲ್ಲವೇ ಎಂದು ನಿರ್ಮಲಳನ್ನು ಕೇಳಿಯೇಬಿಟ್ಟೆ.

“ಮೊದಲ್ನೇ ಸಾಲಿಗೇ ತಿಳೀತು,” ಎಂದಳು, ಅಕ್ಕಿ ಆರಿಸುತ್ತ.

“ಮತ್ಯಾಕೆ ಹೇಳ್ಲಿಲ್ಲ?”

“ಅದಕ್ಕಿಂತ ಮುಂಚೆ ಏಳು ಗಂಡುಗಳ ಕಾಗದ ಬಂದಿದ್ವು. ಒಬ್ಬ ಇಪ್ಪತ್ತೆಕರೆ ಅಂತ ಬರೆದಿದ್ದ, ಒಬ್ಬ ಮೋಟಾರ್ ಸೈಕಲ್ ಐತೆ ಅಂತ ಬರೆದಿದ್ದ. ಹೇಳಿದ ಮಾತು ಕೇಳ್ತೀನಿ, ಮೇಲಿನೋರಿಗೆ ಸಂಪೂರ್ಣ ತೃಪ್ತಿ ಆಗಂಗೆ ನಡ್ಕಂತೀನಿ, ಜೀವನಪರ್ಯಂತ ಋಣಿಯಾಗಿರ್ತೀನಿ ಅಂತ ಬರೆದು ಸಹಿ ಹಾಕಿ ಕೊಟ್ಟೋನು ನೀವೊಬ್ರೇ. ಅಂಥ ಕಾಗದನ ಸಂಘದ ಫೈಲಿಗೆ ಹಾಕಾಕೆ ಮನಸ್ಸು ಬರ್ಲಿಲ್ಲ.”

ಆ ಪತ್ರ ಇವತ್ತಿಗೂ ಅವಳ ಟ್ರಂಕಿನಲ್ಲಿದೆ. ಸಾರಿಗೆ ಉಪ್ಪು ಜಾಸ್ತಿ ಎಂದು ನಾನೇನಾದರೂ ಅಂದರೆ ಹೊರಗೆ ಬರುತ್ತದೆ.

ಇಪ್ಪತ್ತೆಂಟು ತುಂಬಲು ಹನ್ನೆರಡು ದಿನ ಉಳಿದಿದ್ದಾಗ ಹೊನ್ನಾಳಿಯ ಒಂದು ಕಚೇರಿಗೆ ನನ್ನ ನಲವತ್ತಮೂರನೇ ಅರ್ಜಿ ಹೋಯಿತು. ಅದಕ್ಕೆ ಪತ್ರ ಬರೆದವಳು ನಿರ್ಮಲ. ಕನ್ನಡದಲ್ಲಿ, ನಾಲ್ಕೇ ಸಾಲು: ಇಂಥ ಹುದ್ದೆಗೆ ಅರ್ಜಿ ಹಾಕಿದ್ದೇನೆ. ಇಷ್ಟು ಓದಿದ್ದೇನೆ. ಅಂಗಡಿಯಲ್ಲಿ, ಮಂಡಿಯಲ್ಲಿ ಇದ್ದು ಇಂಥ ಕೆಲಸ ಬಲ್ಲೆ. ಕರೆದರೆ ಮಾರನೆಯ ದಿನವೇ ಬರಬಲ್ಲೆ. ನಾನು ಅವಳು ಹೇಳಿದಂತೆ ನೋಡಿ ಬರೆದೆ. ಆ ನಾಲ್ಕು ಸಾಲಿನಿಂದ ಬಂದ ಕೆಲಸದಲ್ಲಿ ಮೂವತ್ತು ವರ್ಷ ಕೂತು ನಿವೃತ್ತನಾದೆ. ಬಂಗಾರಪ್ಪನವರು ಕೊನೆಯವರೆಗೂ ಅದು ಬರೀ ಅದೃಷ್ಟ, ಡ್ರಾಫ್ಟಿನಲ್ಲಿ ಸತ್ವವೇ ಇರಲಿಲ್ಲ ಎನ್ನುತ್ತಿದ್ದರು. ಅವರೂ ಈಗಿಲ್ಲ, ಅವ್ವನೂ ಇಲ್ಲ.

ಆ ನಲವತ್ತಮೂರನೇ ಅರ್ಜಿಯ ಲಕೋಟೆಗೆ ಅಂಟು ಹಚ್ಚಿದ ಮಧ್ಯಾಹ್ನ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವ್ವ ಅಡುಗೆಮನೆಯಿಂದ ಅದೇ ಅರಿಶಿನದ ಬಟ್ಟಲು ಹಿಡಿದು ಬಂದಳು. ಬೆರಳು ಅದ್ದಿದಳು. ನಿರ್ಮಲ ಲಕೋಟೆಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

“ಬ್ಯಾಡತ್ತೆ.”

“ಯಾಕವ್ವ, ಶುಭದ ಕಾಗದ.”

“ಈ ಮನೆಗೆ ನಾನೊಬ್ಳು ಸಾಕು,” ಎಂದಳು ನಿರ್ಮಲ.